ಆಗದ ಕಥೆಗಳ ಹಾಜರಿ

ಮೊನ್ನೆ ಅಣ್ಣನ ಮಗಳು ಚೈತ್ರ ಮಂಗಳೂರಿನ ಹಾಸ್ಟೆಲಿನಿಂದ ಫೋನು ಮಾಡಿದಳು. ಈ ಸಲ ಕಾಲೇಜಿನ ಮ್ಯಾಗಜೀನಿಗೆ ಅವಳೇ ಸಂಪಾದಕಿಯಂತೆ. "ಅತ್ತೆ, ಕಳೆದ ವರ್ಷ ನೀವು ಓದಿದ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಎಲ್ಲದ್ರಲ್ಲಿ ತುಂಬಾ ಇಷ್ಟ ಆಗಿದ್ದು ಯಾವ್ದು ಅಂತ ಒಂದು ಪಟ್ಟಿ ಕೊಡಿ. ಐದು ಸಾಕು" ಎಂದಳು. ನಮ್ಮ ಮನೆತನದಲ್ಲಿ ಇಂಥ ಪಟ್ಟಿ ಕೇಳಬಹುದಾದವಳು ನಾನೊಬ್ಬಳೇ. ಮೂಡಿಗೆರೆಯಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿಯಿದೆ. ಗಿರಾಕಿ ಬಂದು ಎರಡು ಸಲ ಕೆಮ್ಮಿದ ಮೇಲೆಯೇ ನಾನು ಪುಸ್ತಕದಿಂದ ತಲೆ ಎತ್ತುವುದು ಎಂಬುದು ಊರಿಗೆಲ್ಲ ಗೊತ್ತಿರುವ ವಿಷಯ. ಕೆಲವರು ಕೆಮ್ಮಿಕೊಂಡೇ ಒಳಗೆ ಬರುತ್ತಾರೆ.

"ಕಳೆದ ವರ್ಷ ಅಂದ್ರೆ ಯಾವಾಗಿಂದ?" ಎಂದು ಕೇಳಿದೆ.

"ಇದೆಂಥ ಪ್ರಶ್ನೆ ಅತ್ತೆ? ಜನವರಿಯಿಂದ!"

ತೊಂದರೆ ಇರುವುದೇ ಅಲ್ಲಿ. ಬೇರೆಯವರ ವರ್ಷ ಜನವರಿಗೋ ಯುಗಾದಿಗೋ ಶುರುವಾಗುತ್ತದೆ. ನನ್ನ ಓದಿನ ವರ್ಷ ಮಾತ್ರ ದಸರಾ ಕಳೆದು, ಕಾಫಿ ಕಣಕ್ಕೆ ಗಟ್ಟಿ ಬಿಸಿಲು ಬಿದ್ದ ದಿನ ಮುಗಿದು ಅವತ್ತೇ ಮತ್ತೆ ಶುರುವಾಗುತ್ತದೆ. ಇದನ್ನು ಹಾಸ್ಟೆಲಿನ ಹುಡುಗಿಗೆ ಫೋನಿನಲ್ಲಿ ವಿವರಿಸುವುದು ಹೇಗೆ? "ನಾಳೆ ಹೇಳ್ತೀನಿ" ಎಂದು ಫೋನಿಟ್ಟು, ಪಟ್ಟಿ ಮಾಡಲು ಕಪಾಟಿನ ಮುಂದೆ ಕುಳಿತೆ. ಮೊದಲು ಕೈಗೆ ಬಂದದ್ದು ಬೆನ್ನಿಗೆ ಗೋಣಿದಾರದ ಹೊಲಿಗೆ ಹಾಕಿದ, ಮುಖಪುಟವಿಲ್ಲದ, ಉಬ್ಬಿಕೊಂಡ ಒಂದು ಪುಸ್ತಕ. ಅಲ್ಲಿಗೆ ಪಟ್ಟಿಯ ಕೆಲಸ ನಿಂತುಹೋಯಿತು.

ಆ ಹೊಲಿಗೆಯ ಕಥೆಗೆ ತೊಂಬತ್ತರ ದಶಕಕ್ಕೆ ಹೋಗಬೇಕು. ಆಗ ನಾವಿದ್ದದ್ದು ಕೊಟ್ಟಿಗೆಹಾರ ದಾಟಿ ಕಳಸಕ್ಕೆ ಹೋಗುವ ದಾರಿಯ ಒಂದು ಸಣ್ಣ ಊರಿನಲ್ಲಿ. ಅಲ್ಲಿ ಶಾರದಕ್ಕ ಎಂಬ ನಿವೃತ್ತ ಟೀಚರು ಒಂದು ಲೈಬ್ರರಿ ನಡೆಸುತ್ತಿದ್ದರು. ಲೈಬ್ರರಿ ಎಂದರೆ ಒಂದು ತಗಡಿನ ಟ್ರಂಕು, ಅದರಲ್ಲಿ ಅರವತ್ತೋ ಎಪ್ಪತ್ತೋ ಪುಸ್ತಕ, ಹನ್ನೊಂದು ಜನ ಓದುಗರು. ಪುಸ್ತಕಗಳು ಬಸ್ಸಿನ ಕಂಡಕ್ಟರ ಕೈಯಲ್ಲಿ, ಎಸ್ಟೇಟಿನ ಜೀಪಿನಲ್ಲಿ, ಹಾಲಿನ ವ್ಯಾನಿನಲ್ಲಿ ಊರಿಂದೂರಿಗೆ ಓಡಾಡುತ್ತಿದ್ದವು. ಶಾರದಕ್ಕನ ನಿಯಮ ಒಂದೇ. ನಿಜಜೀವನದಲ್ಲಿ ಆಗಲಾರದ್ದು ಆಗುವ ಕಥೆಯಿದ್ದರೆ ಮಾತ್ರ ಟ್ರಂಕಿನೊಳಗೆ ಜಾಗ. ಆಕಾಶನೌಕೆ ಇರಬೇಕು, ಇಲ್ಲ ಮಾತಾಡುವ ಬೆಟ್ಟ ಇರಬೇಕು. ಅವುಗಳನ್ನು ಅವರು 'ಆಗದ ಕಥೆಗಳು' ಎಂದು ಕರೆಯುತ್ತಿದ್ದರು. ಒಮ್ಮೆ ಯಾರೋ ಒಂದು ಸಾಂಸಾರಿಕ ಕಾದಂಬರಿ ಸೇರಿಸಲು ಹೋದಾಗ, "ಅತ್ತೆ ಸೊಸೆ ಜಗಳ ಓದಕ್ಕೆ ಪುಸ್ತಕ ಯಾಕ್ರೀ? ಅಡುಗೆಮನೆ ಬಾಗ್ಲು ತೆಗೆದ್ರೆ ಸಾಕಲ್ಲ" ಎಂದು ವಾಪಸು ಕಳಿಸಿದ್ದರು.

ಪುಸ್ತಕಗಳೆಲ್ಲ ಚಿಕ್ಕಮಗಳೂರಿನ ಸಂತೆಯಲ್ಲಿ ಸಿಕ್ಕ ಹಳೆಯವು. ಮುಖಪುಟವಿದ್ದದ್ದು ಕಡಿಮೆ, ಬೆನ್ನಿನ ಅಂಟು ಉಳಿದದ್ದು ಇನ್ನೂ ಕಡಿಮೆ. ಹೆಸರಿಲ್ಲದವಕ್ಕೆ ಶಾರದಕ್ಕನೇ ನಾಮಕರಣ ಮಾಡುತ್ತಿದ್ದರು. ಮಳೆ ಹಿಡಿಯಿತೆಂದರೆ ಓದುವವರಿಗೆ ಸುಗ್ಗಿ, ಪುಸ್ತಕಗಳಿಗೆ ಶನಿಕಾಟ. ನಾಲ್ಕು ತಿಂಗಳಲ್ಲಿ ಹಾಳೆಗಳಿಗೆ ಬೂಸ್ಟು ಹಿಡಿದು, ನಾಯಕನ ಮುಖ ಯಾವುದು ನಾಯಕಿಯ ಮುಖ ಯಾವುದು ತಿಳಿಯದ ಹಾಗಾಗುತ್ತಿತ್ತು. ಅದಕ್ಕೇ ಮಳೆ ನಿಂತು, ಕಾಫಿ ಕೊಯ್ಲು ಇನ್ನೂ ಶುರುವಾಗದ ಹೊತ್ತಿನಲ್ಲಿ, ಕಣ ಸಾರಿಸಿ ಖಾಲಿ ಇರುವ ಒಂದು ದಿನ ನೋಡಿ ಅಷ್ಟೂ ಪುಸ್ತಕಗಳನ್ನು ಕಣದಲ್ಲಿ ಹರಡಿ ಒಣಗಿಸುವುದು. ಹನ್ನೊಂದು ಜನರೂ ಬರಬೇಕು. ಶಾರದಕ್ಕ ಒಬ್ಬೊಬ್ಬರ ಕೈಗೂ ಮೂರು ಮೂರು ಕಾಫಿ ಬೀಜ ಕೊಡುತ್ತಿದ್ದರು. ಆ ವರ್ಷ ಓದಿದ್ದರಲ್ಲಿ ಮೆಚ್ಚಿದ ಪುಸ್ತಕದ ಮೇಲೆ ಬೀಜ ಇಡಬೇಕು. ಹೆಚ್ಚು ಬೀಜ ಬಿದ್ದ ಪುಸ್ತಕಕ್ಕೆ ಹೊಸ ರಟ್ಟು ಕಟ್ಟಿಸುತ್ತಿದ್ದರು. ನಮ್ಮ ಪ್ರಶಸ್ತಿ ಅಷ್ಟೇ.

ತೀರ್ಪುಗಾರರು ಮಾತ್ರ ಬಲು ಖಡಕ್ಕು. ಮಳೆ ಬರಿಸುವ ಯಂತ್ರ ಕಂಡುಹಿಡಿದ ವಿಜ್ಞಾನಿಯ ಕಾದಂಬರಿಯೊಂದಿತ್ತು. ಅದಕ್ಕೆ ಯಾವ ವರ್ಷವೂ ಒಂದು ಬೀಜವೂ ಬೀಳಲಿಲ್ಲ. "ನಿಲ್ಲಿಸೋ ಯಂತ್ರ ಇದ್ರೆ ಹೇಳಿ, ಓದಣ" ಎಂದುಬಿಟ್ಟಿದ್ದರು. ಕಾಡಿನಲ್ಲಿ ದುಡಿಯುವ ಯಂತ್ರಮಾನವನ ಕಥೆ ಓದಿದ ಒಬ್ಬ ಮೇಸ್ತ್ರಿ, "ಎಲ್ಲಾ ಸರಿ, ಇಡೀ ಪುಸ್ತಕದಲ್ಲಿ ಅದಕ್ಕೆ ಜಿಗಣೆ ಕಚ್ಚಿದ್ದೇ ಬರೆದಿಲ್ಲ. ಕಾಡು ನೋಡದೋರು ಬರೆದಿದ್ದು" ಎಂದು ಬೀಜವನ್ನು ಜೇಬಿಗೆ ಹಾಕಿಕೊಂಡಿದ್ದ.

ನಾನು ಈ ಮಂಡಲಿಗೆ ಸೇರಿದ್ದು ಪಿಯುಸಿಯಲ್ಲಿ ಫಿಸಿಕ್ಸ್ ಫೇಲಾದ ವರ್ಷ. ಪರೀಕ್ಷೆಯಲ್ಲಿ ಬೆಳಕಿನ ವೇಗ ಎಷ್ಟೆಂದು ಬರೆಯಲಾಗದವಳು, ಬೆಳಕಿಗಿಂತ ವೇಗವಾಗಿ ಓಡುವ ನೌಕೆಗಳ ಕಥೆಯನ್ನು ಊಟ ಬಿಟ್ಟು ಓದುತ್ತಿದ್ದೆ. ಅಪ್ಪ ನನ್ನ ಕಡೆ ನೋಡಿ ಎದ್ದು ಹೋಗುತ್ತಿದ್ದರು. ಬೈದಿದ್ದರೆ ಸುಖವಿತ್ತು. ನನ್ನಿಂದ ಯಾರಿಗೂ ಉಪಯೋಗವಿಲ್ಲ ಎಂದು ಆ ವರ್ಷ ಖಂಡಿತವಾಗಿ ನಂಬಿದ್ದೆ. ಶಾರದಕ್ಕ ಒಂದು ದಿನ ನಮ್ಮ ಮನೆಗೆ ಬಂದು, "ಸುಮಾ, ಹ್ಯಾಗೂ ಮನೇಲಿ ಕೂತು ಗೋಡೆ ನೋಡ್ತೀಯ. ರೈಟರಜ್ಜನಿಗೆ ಕಣ್ಣು ಕಾಣಲ್ಲ. ದಿನಾ ಒಂದು ಗಂಟೆ ಪುಸ್ತಕ ಓದಿ ಹೇಳು" ಎಂದು ಅಪ್ಪಣೆ ಮಾಡಿದರು.

ರೈಟರಜ್ಜ ಕಾದಂಬರಿ ಬರೆದವರಲ್ಲ. ದೊಡ್ಡ ಎಸ್ಟೇಟೊಂದರಲ್ಲಿ ಮೂವತ್ತೈದು ವರ್ಷ ರೈಟರಾಗಿ ಆಳುಗಳ ಹಾಜರಿ ಬರೆದವರು. ಬೆಳಗ್ಗೆ ಏಳಕ್ಕೆ ಹೆಸರು ಕೂಗುವುದು, ಬಂದವರ ಮುಂದೆ ಗೀಟು, ಬಾರದವರ ಮುಂದೆ ಸೊನ್ನೆ. ಅವರ ಪುಸ್ತಕದಲ್ಲಿ ಒಂದು ಗೀಟು ತಪ್ಪಾದದ್ದಿಲ್ಲ ಎಂದು ಹೆಸರುವಾಸಿ. ಈಗ ಎರಡೂ ಕಣ್ಣಿಗೆ ಪೊರೆ ಬಂದು, ಮಗ ಸೊಸೆಯ ಜೊತೆ ಇದ್ದರು. ಆಪರೇಷನ್ ಮಾಡಿಸಿ ಎಂದರೆ ಒಮ್ಮೆ ಮೆಣಸಿನ ಬಳ್ಳಿ ನೆಪ, ಒಮ್ಮೆ ನೆಗಡಿ ನೆಪ. ಎರಡು ಸಲ ಜೀಪು ಬಂದು ಖಾಲಿ ಹೋಗಿತ್ತು.

ಆ ಮಳೆಗಾಲದಲ್ಲಿ ನಾವು ಹಿಡಿದದ್ದು 'ಏಳು ಜನ' ಎಂದು ಶಾರದಕ್ಕ ಹೆಸರಿಟ್ಟ ದಪ್ಪ ಪುಸ್ತಕ. ಏಳು ಮಂದಿ ನೌಕೆಯೊಂದರಲ್ಲಿ ಯಾರೂ ಹೋಗದಷ್ಟು ದೂರ ಹೋಗುತ್ತಾರೆ. ದಿನಾ ನಾಲ್ಕು ಗಂಟೆಗೆ ಅಜ್ಜನ ಸೊಸೆ ವಿಮಲಕ್ಕ ಕಾಫಿ, ಹಲಸಿನ ಹಪ್ಪಳ ತಂದಿಟ್ಟು ಹೋಗುತ್ತಿದ್ದರು, ನಾನು ಓದುತ್ತಿದ್ದೆ. ಒಂದು ಅಧ್ಯಾಯ ಮುಗಿದ ಕೂಡಲೆ ಅಜ್ಜ ಬೆನ್ನು ನೆಟ್ಟಗೆ ಮಾಡಿಕೊಂಡು ಹಾಜರಿ ಕೂಗುತ್ತಿದ್ದರು.

"ಕ್ಯಾಪ್ಟನ್ನು?"

"ಇದ್ದಾನೆ ಅಜ್ಜ."

"ಡಾಕ್ಟ್ರು?"

"ಇದ್ದಾರೆ."

"ಅಡುಗೆಯವ? ಎರಡು ದಿನದಿಂದ ಅವನ ಸುದ್ದೀನೇ ಇಲ್ಲ."

ಹುಡುಕಿ ನೋಡಿದರೆ ಅವರು ಹೇಳಿದ್ದು ನಿಜವೇ ಆಗಿರುತ್ತಿತ್ತು. ಬರೆದವರು ಎರಡು ಅಧ್ಯಾಯದಿಂದ ಅಡುಗೆಯವನನ್ನು ಮರೆತಿರುತ್ತಿದ್ದರು. "ಏಳು ಜನಕ್ಕೆ ಅನ್ನ ಬೇಯಿಸೋನು. ಅವನನ್ನೇ ಮರೆತ್ರೆ ಹ್ಯಾಗೆ?" ಎಂದು ಅಜ್ಜನಿಗೆ ನಿಜವಾಗಿಯೂ ಸಿಟ್ಟು ಬರುತ್ತಿತ್ತು.

ಹನ್ನೆರಡನೇ ಅಧ್ಯಾಯದಲ್ಲಿ ನೌಕೆಯ ಮೆಕ್ಯಾನಿಕ್ ಮಾಲಿನಿ ಎಂಬವಳು ಒಂದು ಬೋಳು ಕಲ್ಲಿನ ಗ್ರಹದಲ್ಲಿ ಇಳಿದುಕೊಂಡಳು. ಅಲ್ಲಿ ದಾರಿ ತೋರಿಸುವ ದೀಪವೊಂದು ಕೆಟ್ಟಿತ್ತು. ಯಾರಾದರೂ ಉಳಿದು ಅದನ್ನು ನೋಡಿಕೊಂಡರೆ ಮಾತ್ರ ಮಿಕ್ಕವರು ಮುಂದೆ ಹೋಗಬಹುದು. ವಾಪಸು ಬರುವಾಗ ಕರೆದುಕೊಂಡು ಹೋಗುತ್ತೇನೆ ಎಂದು ಕ್ಯಾಪ್ಟನ್ ಮಾತು ಕೊಟ್ಟ. ಅವತ್ತು ಹಾಜರಿಯಲ್ಲಿ ಆರೇ ಜನ. ನಾನು "ಮಾಲಿನಿ ಗೈರುಹಾಜರಿ" ಎಂದೆ. ಅಜ್ಜ ಕೈ ಎತ್ತಿ ತಡೆದರು. "ಸೊನ್ನೆ ಹಾಕ್ಬೇಡ. ಕೆಲಸದ ಮೇಲೆ ಹೋಗಿದ್ದಾಳೆ. ಬರ್ತಾಳೆ."

ಅಲ್ಲಿಂದ ಮುಂದೆ ಅಜ್ಜನಿಗೆ ಮಾಲಿನಿಯದೇ ಚಿಂತೆ. ಓದುವ ಮೊದಲೇ, "ಇವತ್ತಾದ್ರೂ ಆ ಕಡೆ ತಿರುಗ್ತಾರಾ ನೋಡು" ಎನ್ನುತ್ತಿದ್ದರು.

ಪುಸ್ತಕ ಒಣಗಿಸುವ ದಿನ ಬಂದಾಗ ನಮಗಿನ್ನೂ ಕೊನೆಯ ಅಧ್ಯಾಯ ಬಾಕಿಯಿತ್ತು. ಬಿಸಿಲು ಚೆನ್ನಾಗಿತ್ತು. ಕಣದ ತುಂಬ ಪುಸ್ತಕಗಳು ಮಲಗಿದ್ದವು. ಆ ವರ್ಷ ಭರ್ಜರಿ ಪೈಪೋಟಿಯಿತ್ತು. ಬೆಟ್ಟದ ಹೊಟ್ಟೆಯೊಳಗೆ ಕಡಲಿರುವ ಕಥೆಗೆ ಆರು ಬೀಜ, 'ಬಾವಿಯ ರಾಜ್ಯ' ಎಂಬ ರಾಜರಾಣಿಯರ ಮಾಯೆಯ ಕಥೆಗೆ ಏಳು. ಅಜ್ಜನನ್ನು ಕೈಹಿಡಿದು ಕರೆತಂದಿದ್ದೆ. ಅವರು ಮಾತ್ರ ಮೂರು ಬೀಜವನ್ನೂ ಅಂಗಿಯ ಜೇಬಿಗೆ ಹಾಕಿಕೊಂಡು, "ಮಾಲಿನಿ ಬಂದ್ಳೋ ಇಲ್ವೋ ಗೊತ್ತಾಗ್ದೆ ಬೀಜ ಹಾಕದು ಹ್ಯಾಗೆ?" ಎಂದು ಕುಳಿತರು.

ಆಗ ಪಶ್ಚಿಮಕ್ಕೆ ಒಂದು ಮೋಡ ಕಾಣಿಸಿತು. ಕಾಫಿ ಬೆಳೆಯುವವರಿಗೆ ಕಣದಲ್ಲಿ ಏನಾದರೂ ಹರಡಿದ್ದಾಗ ಮೋಡ ಕಂಡರೆ ತಲೆ ಕೆಲಸ ಮಾಡುವುದಿಲ್ಲ, ಕೈ ಮಾಡುತ್ತದೆ. ಶಾರದಕ್ಕನ ಗಂಡ ನಾಗೇಗೌಡರು "ಎಳೀರೋ!" ಎಂದು ಕೂಗಿದವರೇ, ಬೀಜ ಎಳೆಯುವ ಉದ್ದ ಹಿಡಿಯ ಮರದ ಹಲಗೆ ತೆಗೆದುಕೊಂಡು ಈ ತುದಿಯಿಂದ ಆ ತುದಿಗೆ ಪುಸ್ತಕಗಳನ್ನು ಬರಬರ ಎಳೆದು ರಾಶಿ ಹಾಕಿಬಿಟ್ಟರು. ಇನ್ನಿಬ್ಬರು ಟಾರ್ಪಾಲು ಹೊದಿಸಿದರು. ನಾನು ನಾಲ್ಕು ಮೂಲೆಗೆ ಕಲ್ಲು ಹೇರಿದೆ. ಎಲ್ಲ ಎರಡೇ ನಿಮಿಷ. ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸವನ್ನು ನೋಡಿ ಎಲ್ಲರೂ ಸೊಂಟದ ಮೇಲೆ ಕೈಯಿಟ್ಟು ತೃಪ್ತಿಯಿಂದ ನಿಂತಿದ್ದಾಗ, ಶಾರದಕ್ಕ ಮೆಲ್ಲಗೆ, "ರೀ, ಅದು ಪುಸ್ತಕ ಕಣ್ರೀ, ಪಾರ್ಚ್‌ಮೆಂಟ್ ಕಾಫಿ ಅಲ್ಲ" ಎಂದರು. ಮೋಡ ಒಂದು ಹನಿಯನ್ನೂ ಉದುರಿಸದೆ ಬಾಬಾಬುಡನ್‌ಗಿರಿ ಕಡೆಗೆ ಹೋಯಿತು.

ರಾಶಿಯಿಂದ ಬಿಡಿಬಿಡಿ ಹಾಳೆಗಳನ್ನು ಆರಿಸಿ ಪುಸ್ತಕಗಳಿಗೆ ಸೇರಿಸುವ ಕೆಲಸ ನನಗೆ ಬಂತು. ಪುಟದ ಸಂಖ್ಯೆ ನೋಡಿ ನೋಡಿ ಸೇರಿಸಿದೆ. ಬುದ್ಧಿವಂತಿಕೆ ಅಲ್ಲಿಗೆ ಮುಗಿಯಿತು; ಪುಟದೊಳಗೆ ಏನಿದೆ ಎಂದು ನೋಡಲಿಲ್ಲ.

ವಾರ ಕಳೆಯುವುದರೊಳಗೆ ಚಿಕ್ಕಮಗಳೂರಿನಲ್ಲಿ ಅಜ್ಜನ ಆಪರೇಷನ್ನಿಗೆ ಮತ್ತೆ ದಿನ ಗೊತ್ತಾಯಿತು. ಹಿಂದಿನ ದಿನ ಮಧ್ಯಾಹ್ನ ನಾನು ಹೋದಾಗ ವಿಮಲಕ್ಕ ಜಗಲಿಯಲ್ಲೇ ತಡೆದರು. "ಕಥೆ ಕೊನೆ ಕೇಳ್ದೆ ಹೋಗಲ್ಲ ಅಂತ ಕೂತಿದ್ದಾರೆ ಮಾರಾಯ್ತಿ. ಹೊಸ ನೆಪ. ಇನ್ನೂ ತಡ ಮಾಡಿದ್ರೆ ಕಣ್ಣು ಪೂರ್ತಿ ಹೋಗ್ತದೆ ಅಂದಿದ್ದಾರೆ ಡಾಕ್ಟ್ರು. ಇವತ್ತು ಮುಗ್ಸಿಬಿಡು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅಜ್ಜನಿಗೆ ಹೆದರಿಕೆ ಎಂದು ನನಗೆ ಆಗ ಹೊಳೆಯಿತು. ಅವರ ಮಟ್ಟಿಗೆ ಮಾಲಿನಿ ಹಿಂದಿರುಗುವುದಕ್ಕೂ ಅವರ ಕಣ್ಣು ಹಿಂದಿರುಗುವುದಕ್ಕೂ ಏನೋ ಸಂಬಂಧ ಬಂದುಬಿಟ್ಟಿತ್ತು.

ಕೊನೆಯ ಅಧ್ಯಾಯ ತೆಗೆದೆ. ಮೊದಲ ಹಾಳೆ ಸರಿಯಿತ್ತು. ಹಾಳೆ ಮಗುಚಿದರೆ, "ಆಗ ಮಹಾರಾಜನು ಕುದುರೆಯಿಂದಿಳಿದು" ಎಂದಿತ್ತು. ಉಳಿದ ಹದಿನೈದು ಪುಟವೂ 'ಬಾವಿಯ ರಾಜ್ಯ'ದ್ದು. ನಮ್ಮ ಹಾಳೆಗಳನ್ನು ಹೊತ್ತುಕೊಂಡು ಆ ಪುಸ್ತಕ ಆಗಲೇ ಹೊರನಾಡಿನ ಒಬ್ಬ ಲಾಡ್ಜ್ ಮ್ಯಾನೇಜರರ ಕೈ ಸೇರಿತ್ತು. ಬಸ್ಸಿನಲ್ಲಿ ಹೇಳಿಕಳಿಸಿ ತರಿಸಲು ನಾಲ್ಕು ದಿನ ಬೇಕು. ಜೀಪು ಬೆಳಗ್ಗೆ ಆರಕ್ಕೆ.

"ಏನಾಯ್ತು, ನಿಲ್ಲಿಸ್ದೆ?" ಎಂದರು ಅಜ್ಜ.

"ಏನಿಲ್ಲ ಅಜ್ಜ. ಕೆಮ್ಮು" ಎಂದು ಕೆಮ್ಮಿದೆ. ಆಮೇಲೆ, "ಆಗ ಕ್ಯಾಪ್ಟನ್ ನೌಕೆಯಿಂದಿಳಿದು" ಎಂದು ಶುರುಮಾಡಿದೆ.

ಅದೃಷ್ಟಕ್ಕೆ ಆ ಪುಟಗಳಲ್ಲಿ ರಾಜ ಕಾಣೆಯಾದ ತಂಗಿಯನ್ನು ಹುಡುಕಿಕೊಂಡು ಹೊರಟಿದ್ದ. ತಂಗಿಯ ಜಾಗಕ್ಕೆ ಮಾಲಿನಿಯನ್ನು ಹಾಕಿದೆ, ಮಂತ್ರಿಯ ಜಾಗಕ್ಕೆ ಡಾಕ್ಟರನ್ನು. ದಂಡನಾಯಕ ಅಡುಗೆಯವನಾದ. ಓದುವ ಓಘದಲ್ಲಿ ಒಂದು ಕಡೆ, "ಸೇವಕರು ಕುದುರೆಗಳಿಗೆ ಹುಲ್ಲು ಹಾಕಿದರು" ಎಂದುಬಿಟ್ಟೆ.

"ಕುದುರೆ ಎಲ್ಲಿತ್ತು?"

"ಆ ಗ್ರಹದಲ್ಲಿ ಸಿಕ್ಕಿದ್ದು ಅಜ್ಜ."

"ಹುಲ್ಲು?"

"ಅಲ್ಲೇ ಬೆಳೀತದೆ."

"ಬೋಳು ಕಲ್ಲು, ಒಂದು ಹನಿ ಮಳೆ ಇಲ್ಲ ಅಂತ ಹನ್ನೆರಡನೇ ಅಧ್ಯಾಯದಲ್ಲಿ ಓದಿದ್ಯಲ್ಲ?"

"ಇದು ಬೇರೆ ಥರದ ಹುಲ್ಲು" ಎಂದೆ. ಫಿಸಿಕ್ಸಿನ ಜೊತೆಗೆ ಬಯಾಲಜಿಯಲ್ಲೂ ಫೇಲಾಗಬೇಕಾದ ಉತ್ತರ. ಅಜ್ಜ "ಹೂಂ" ಎಂದರು.

ಕೊನೆಗೆ ಆ ಬಾವಿ ಬಂತು. ಬಾವಿಗೆ ಬಗ್ಗಿ ಹೆಸರು ಹಿಡಿದು ಕೂಗಿದರೆ, ದೂರದಲ್ಲಿರುವವರಿಗೆ ಎಲ್ಲಿದ್ದರೂ ಕೇಳಿಸುತ್ತದೆ. ಕ್ಯಾಪ್ಟನ್ ಬಗ್ಗಿ ಮಾಲಿನಿ ಎಂದು ಕೂಗಿದ. "ಇದ್ದೀನಿ" ಎಂದು ಉತ್ತರ ಬಂತು. ಅದು ಪುಸ್ತಕದಲ್ಲಿರಲಿಲ್ಲ, ನಾನೇ ಸೇರಿಸಿದ್ದು. ಅವಳನ್ನು ಕೈಹಿಡಿದು ನೌಕೆ ಹತ್ತಿಸಿ, ಬಾಗಿಲು ಹಾಕಿಸಿ, ಊರಿನ ದಾರಿ ಹಿಡಿಸಿ ಪುಸ್ತಕ ಮುಚ್ಚಿದೆ.

ಅಜ್ಜ ಹಾಜರಿ ಕೂಗಿದರು. ಏಳಕ್ಕೆ ಏಳು. ಮರುದಿನ ಬೆಳಗ್ಗೆ ಯಾರ ಮಾತಿಗೂ ಕಾಯದೆ ತಾವೇ ಹೋಗಿ ಜೀಪಿನಲ್ಲಿ ಕುಳಿತರಂತೆ.

ವಾರದ ಮೇಲೆ ಹೊರನಾಡಿನಿಂದ ಪುಸ್ತಕ ಬಂತು, ಜೊತೆಗೊಂದು ಚೀಟಿ: "ರಾಜನ ತಂಗಿ ಸಿಗಲಿಲ್ಲ. ಆದರೆ ಕೊನೆಗೆ ಎಲ್ಲರೂ ಆಕಾಶನೌಕೆ ಹತ್ತಿ ಹೋಗಿದ್ದು ನಾನು ಎಣಿಸಿರಲೇ ಇಲ್ಲ. ಬಹಳ ಚೆನ್ನಾಗಿದೆ." ನಗು ಬಂತು. ನಗುತ್ತಲೇ ನಿಜವಾದ ಕೊನೆಯನ್ನು ಓದಿದೆ. ನೌಕೆಗೆ ಊರಿಗೊಂದು ಹತ್ತಿರದ ದಾರಿ ಸಿಗುತ್ತದೆ. ಆರು ಜನ ಆ ದಾರಿಯಲ್ಲೇ ಹೋಗಿಬಿಡುತ್ತಾರೆ. ಕ್ಯಾಪ್ಟನ್ ಕಿಟಕಿಯಿಂದ ಮಾಲಿನಿಯ ದೀಪದ ಕಡೆ ಒಮ್ಮೆ ನೋಡುತ್ತಾನೆ, ಅಷ್ಟೇ. ನನಗೆ ಅಳು ಬಂತು. ಬರೆದವರು ಎದುರಿಗಿದ್ದಿದ್ದರೆ ಜಗಳವಾಡುತ್ತಿದ್ದೆ.

ಅಜ್ಜನ ಆಪರೇಷನ್ ಚೆನ್ನಾಗಿ ಆಗಿತ್ತು. ಅದೇ ಈಗ ನನ್ನ ಕಷ್ಟ. ದಪ್ಪ ಕನ್ನಡಕ ಬಂದ ದಿನವೇ, "ಏಳು ಜನ ಎಲ್ಲಿ? ನಾನೇ ಒಂದು ಸಲ ಓದ್ಬೇಕು" ಎಂದರು. ಒಂದು ಗೀಟು ತಪ್ಪದ ಮನುಷ್ಯನಿಗೆ ಹದಿನೈದು ಪುಟ ಸುಳ್ಳು ಓದಿದ್ದೆ. ಪುಸ್ತಕ ಕಳಸಕ್ಕೆ ಹೋಗಿದೆ ಎಂದೆ, ಒಲೆಯ ಮೇಲೆ ಒಣಗಲು ಇಟ್ಟಿದೆ ಎಂದೆ. ಕೊನೆಗೊಂದು ದಿನ, ನನ್ನ ಓದನ್ನು ನಂಬಿದ ಒಬ್ಬರೇ ಒಬ್ಬರೂ ಇನ್ನು ನಂಬುವುದಿಲ್ಲ ಎಂದುಕೊಂಡು, ನಿಜವಾದ ಹಾಳೆಗಳನ್ನೇ ಸೇರಿಸಿ ಅವರ ಕೈಗೆ ಕೊಟ್ಟು ಓಡಿಬಂದೆ.

ತಿಂಗಳು ಕಳೆಯಿತು, ಕೊಯ್ಲು ಮುಗಿಯಿತು, ಕಾಫಿ ಹೂವರಳಿಸುವ ಹೂಮಳೆ ಬಂತು. ನಾನು ಹೋದಾಗಲೆಲ್ಲ ಅಜ್ಜ ಮೆಣಸಿನ ಬಳ್ಳಿಯ ಮಾತಾಡುತ್ತಿದ್ದರು. ಪುಸ್ತಕದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಡುವೆ ನಾನು ಫಿಸಿಕ್ಸ್ ಪಾಸಾದೆ. ಯಾರೂ ಅಷ್ಟಾಗಿ ನಂಬಲಿಲ್ಲ.

ಮುಂದಿನ ವರ್ಷ ಕಣದಲ್ಲಿ ಪುಸ್ತಕ ಹರಡಿದ ದಿನ ಅಜ್ಜ ಯಾರ ಕೈಯನ್ನೂ ಹಿಡಿಯದೆ ನಡೆದು ಬಂದರು. ಕಂಕುಳಲ್ಲಿ 'ಏಳು ಜನ' ಇತ್ತು. ಚೀಲ ಹೊಲಿಯುವ ದಬ್ಬಣದಲ್ಲಿ, ಗೋಣಿದಾರ ಹಾಕಿ ಭದ್ರವಾಗಿ ಹೊಲಿದಿದ್ದರು. ಅದನ್ನು ಬಿಸಿಲಿಗಿಟ್ಟು, ಜೇಬಿನಿಂದ ಮೂರು ಬೀಜ ತೆಗೆದು ಅದರ ಮೇಲಿಟ್ಟರು.

"ಹೋದ ವರ್ಷದ ಪುಸ್ತಕಕ್ಕೆ ಈ ವರ್ಷ ಹಾಕಂಗಿಲ್ಲ ರೈಟ್ರೇ" ಎಂದರು ಶಾರದಕ್ಕ.

"ಬೀಜಾನೂ ಹೋದ ವರ್ಷದ್ದೇ ಕಣಮ್ಮ."

ನಾನು ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಅಜ್ಜ ಹತ್ತಿರ ಬಂದರು.

"ಅಜ್ಜ, ನಾನು ಅವತ್ತು..."

"ಹುಲ್ಲು ಬಂದಾಗ್ಲೇ ಗೊತ್ತಾಯ್ತು ಮಾರಾಯ್ತಿ."

"ಮತ್ತೆ ಯಾಕೆ ಸುಮ್ನೆ ಕೂತ್ರಿ?"

ಅಜ್ಜ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು. "ಇಲ್ಲದ ಒಬ್ಬಳನ್ನ ಕರ್ಕೊಂಡು ಬರಕ್ಕೆ ನೀನು ಅಷ್ಟು ಒದ್ದಾಡ್ತಾ ಇದ್ದೆ. ನಾನು ಚಿಕ್ಕಮಗಳೂರಿಗಾದ್ರೂ ಹೋಗ್ಬಾರ್ದಾ ಅನ್ನಿಸ್ತು" ಎಂದರು.

ಈಗ ಅಜ್ಜನಿಲ್ಲ. ಶಾರದಕ್ಕ ಮಗಳ ಮನೆ ಸೇರಿದ ಮೇಲೆ ಟ್ರಂಕಿನ ಪುಸ್ತಕಗಳನ್ನು ಹನ್ನೊಂದು ಜನ ಹಂಚಿಕೊಂಡೆವು. ನನಗೆ ಇದೇ ಬೇಕೆಂದು ಹಟ ಮಾಡಿ ತಂದೆ. ಪ್ರತಿ ವರ್ಷ ಬಿಸಿಲು ಬಂದಾಗ ಅಂಗಡಿಯ ಮಾಡಿನ ಮೇಲೆ ಒಣಗಿಸಿ, ಒಮ್ಮೆ ಓದಿ ಒಳಗಿಡುತ್ತೇನೆ. ಕಳೆದ ವರ್ಷವೂ ಓದಿದ್ದೇನೆ. ಹಾಗಾಗಿ ಚೈತ್ರಳ ಪಟ್ಟಿಗೆ ಸೇರಿಸಲು ಅಡ್ಡಿಯಿಲ್ಲ. ಹೊಸ ಪುಸ್ತಕಗಳೂ ಇವೆ. ಚಂದ್ರನ ಮೇಲೆ ಹೋಟೆಲಿಟ್ಟವನ ಕಥೆ ಚೆನ್ನಾಗಿತ್ತು, ಮಂಜಿನಲ್ಲಿ ಮನೆ ಕಟ್ಟುವ ಜನರದ್ದೂ. ಆದರೆ ಯಾವುದನ್ನು ಓದಿದರೂ ಅಧ್ಯಾಯ ಮುಗಿದ ಕೂಡಲೆ ನನಗೇ ಗೊತ್ತಿಲ್ಲದೆ ಹಾಜರಿ ತೆಗೆಯುತ್ತೇನೆ.

ಹೊಲಿಗೆಯ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಅಜ್ಜ ಸ್ಕೇಲಿಟ್ಟು ಹಾಜರಿ ಪುಸ್ತಕದ ಮನೆಗಳನ್ನು ಎಳೆದಿದ್ದಾರೆ. ಮೇಲೆ ಅಧ್ಯಾಯದ ಸಂಖ್ಯೆ, ಪಕ್ಕಕ್ಕೆ ಹೆಸರುಗಳು, ದುಂಡನೆಯ ಅಕ್ಷರ. ಮಾಲಿನಿಯ ಮುಂದೆ ಹನ್ನೆರಡರಿಂದ 'ಕೆಲಸದ ಮೇಲೆ' ಎಂದಿದೆ. ಕೊನೆಯ ಮನೆಯಲ್ಲಿ ಗೀಟಿದೆ. ಅವಳ ಕೆಳಗೆ ಇನ್ನೊಂದು ಹೆಸರಿದೆ. ಸುಮ. ಮೊದಲ ಅಧ್ಯಾಯದಿಂದ ಕೊನೆಯ ತನಕ ಗೀಟು.

ಮರುದಿನ ಚೈತ್ರ ಫೋನು ಮಾಡಿದಾಗ ಒಂದೇ ಪುಸ್ತಕ ಹೇಳಿದೆ.

"ಒಂದೇನಾ? ಸರಿ, ಬರೆದೋರು ಯಾರು?"

"ಮುಖಪುಟ ಇಲ್ಲ ಮಗಾ."

"ಅಯ್ಯೋ ಅತ್ತೆ! ಕಥೆ ಆದ್ರೂ ಒಂದು ಸಾಲಲ್ಲಿ ಹೇಳಿ."

"ಎಂಟು ಜನ ಹೋದ್ರು" ಎಂದೆ, "ಎಂಟು ಜನಾನೂ ಬಂದ್ರು."